ಪೆಟ್ಟಿಗೆ ಆಮೇಲೆ, ಮೊದಲು ಪಟ್ಟಿ

ಹೋದ ಸಂಚಿಕೆಯಲ್ಲಿ ಮನೆಯ ವೈ-ಫೈ ಬಗ್ಗೆ ಬರೆದ ಮೇಲೆ ಬಂದ ಮೇಲ್‌ಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆ ಕೇಳಿದ್ದವು. ಮನೆಗೆ ಒಂದು ನ್ಯಾಸ್ ಕೊಳ್ಳಬೇಕೆಂದಿದ್ದೇವೆ, ಯಾವುದು ಒಳ್ಳೆಯದು? ಫೋನಿನ ಫೋಟೊಗಳೂ ಉಳಿಯಬೇಕು, ಟಿವಿಯಲ್ಲಿ ಸಿನಿಮಾ ನೋಡುವಂತೆಯೂ ಇರಬೇಕು, ಎರಡಕ್ಕೂ ಒಂದೇ ಪೆಟ್ಟಿಗೆ ಸಾಕೇ? ಚೆನ್ನೈನ ಓದುಗರೊಬ್ಬರಂತೂ ಮೂರು ಮಾಡೆಲ್‌ಗಳ ಹೆಸರು ಬರೆದು, ಒಂದರ ಮುಂದೆ ಟಿಕ್ ಹಾಕಿ ವಾಪಸ್ ಕಳಿಸಿದರೆ ಸಾಕು ಎಂದಿದ್ದಾರೆ. ಹಾಕಬಹುದು. ಆದರೆ ಹಾಗೆ ಮಾಡೆಲ್ ಹೆಸರಿನಿಂದ ಶುರು ಮಾಡಿಯೇ ನಾನು ಕೈ ಸುಟ್ಟುಕೊಂಡದ್ದು. ಮೊದಲು ಆ ಕಥೆ ಹೇಳಿಬಿಡುತ್ತೇನೆ, ಟಿಕ್ ಆಮೇಲೆ.

ನ್ಯಾಸ್ ಎಂದರೆ ನೆಟ್‌ವರ್ಕ್ ಅಟ್ಯಾಚ್ಡ್ ಸ್ಟೋರೇಜ್. ಒಂದೋ ಎರಡೋ ನಾಲ್ಕೋ ಹಾರ್ಡ್ ಡಿಸ್ಕ್ ಹಿಡಿಸುವ, ಟೋಸ್ಟರ್ ಗಾತ್ರದ ಪುಟ್ಟ ಕಂಪ್ಯೂಟರ್. ಅದನ್ನು ಲ್ಯಾಪ್‌ಟಾಪ್‌ಗೆ ಸಿಕ್ಕಿಸುವ ಬದಲು ರೂಟರ್‌ಗೆ ಸಿಕ್ಕಿಸುತ್ತೇವೆ. ಮನೆಯ ಎಲ್ಲ ಫೋನು, ಲ್ಯಾಪ್‌ಟಾಪು, ಟಿವಿಗಳಿಗೆ ಅದರೊಳಗಿನದು ಕಾಣುತ್ತದೆ, ದಿನದ 24 ಗಂಟೆಯೂ ಚಾಲೂ ಇರುತ್ತದೆ. (ಸಂಸ್ಕೃತದಲ್ಲಿ 'ನ್ಯಾಸ' ಎಂದರೆ ನಂಬಿ ಒಪ್ಪಿಸಿದ ಠೇವಣಿ ಎಂಬ ಅರ್ಥವೂ ಇದೆ. ಮುಂಬೈ, ಪುಣೆಯಲ್ಲಿರುವವರು ದೇವಸ್ಥಾನದ ಟ್ರಸ್ಟ್‌ಗಳ ಬೋರ್ಡಿನ ಮೇಲೆ ಈ ಪದ ನೋಡಿಯೇ ಇರುತ್ತಾರೆ. ಹೆಸರಿಟ್ಟವರಿಗೆ ಇದು ಗೊತ್ತಿರಲಿಕ್ಕಿಲ್ಲ, ಆದರೆ ಇದಕ್ಕಿಂತ ಒಳ್ಳೆಯ ಹೆಸರು ಸಿಗುತ್ತಿರಲಿಲ್ಲ.)

2022ರ ಯುಗಾದಿ ಹೊತ್ತಿಗೆ ನಮ್ಮ ಮನೆಯ ಹಳೆಯ ಫೋಟೊ, ವಿಡಿಯೊ ಎಲ್ಲ ಒಂದು 2 ಟಿಬಿ ಪೋರ್ಟಬಲ್ ಡಿಸ್ಕಿನಲ್ಲಿದ್ದವು. ಒಂದೇ ಡಿಸ್ಕು, ಒಂದೇ ಪ್ರತಿ. ಇದು ಸರಿಯಲ್ಲ ಅಂತ ಗೊತ್ತಿತ್ತು. ಆಫೀಸಿನಲ್ಲಿ ನಾನು ಬೇರೆಯವರಿಗೆ ಹೇಳುವುದೇ ಅದನ್ನು. ಅದಕ್ಕೇ ನ್ಯಾಸ್ ಕೊಳ್ಳಲು ಹೊರಟೆ. ಹೊರಟವನು ಅಂಗಡಿಗೆ ಹೋಗಲಿಲ್ಲ, ಎಕ್ಸೆಲ್ ಶೀಟ್ ತೆರೆದೆ. 11 ಮಾಡೆಲ್, 14 ಕಾಲಂ. ಪ್ರೊಸೆಸರ್ ಯಾವುದು, ರ‍್ಯಾಮ್ ಹೆಚ್ಚಿಸಬಹುದೇ, ಫೋರ್-ಕೆ ಟ್ರಾನ್ಸ್‌ಕೋಡ್ ಮಾಡುತ್ತದೆಯೇ, ನೆಟ್‌ವರ್ಕ್ ಪೋರ್ಟ್ 1 ಗಿಗಾಬಿಟ್ಟೋ 2.5 ಗಿಗಾಬಿಟ್ಟೋ. ಎರಡು ಡಿಸ್ಕಿನದು ಸಾಕು ಅಂದುಕೊಂಡ ದಿನವೇ ನಾಲ್ಕರದು ಕಣ್ಣಿಗೆ ಬೀಳುತ್ತಿತ್ತು. ಹೊಸ ಮಾಡೆಲ್ ಬರುತ್ತದಂತೆ ಎಂದು ಎರಡು ತಿಂಗಳು ಕಾದೆ, ಹಬ್ಬದ ಸೇಲ್‌ನಲ್ಲಿ ಅಗ್ಗ ಆಗುತ್ತದೆ ಎಂದು ಮತ್ತೆ ಮೂರು ತಿಂಗಳು. ಸೆಪ್ಟೆಂಬರ್ ಕೊನೆಯ ಒಂದು ಭಾನುವಾರ, ಮಗಳ ಶಾಲೆಗೆ ಅವಳ ಹಳೆಯ ಫೋಟೊ ಬೇಕೆಂದು ಡಿಸ್ಕ್ ಸಿಕ್ಕಿಸಿದೆ. ಒಳಗಿನಿಂದ ಟಿಕ್, ಟಿಕ್, ಟಿಕ್ ಎಂದಿತು. ಆ ಶಬ್ದ ಒಮ್ಮೆ ಕೇಳಿದವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ.

ಡೇಟಾ ರಿಕವರಿಯವರು ಹೆಡ್ ಹೋಗಿದೆ ಎಂದರು. 32 ಸಾವಿರ ರೂಪಾಯಿ, ಮೂರು ವಾರ. ಫೋಟೊಗಳಲ್ಲಿ ಬಹುಪಾಲು ಬಂದವು, ಆದರೆ ಫೋಲ್ಡರ್ ಇಲ್ಲ, ಹೆಸರಿಲ್ಲ. ಪ್ರತಿಯೊಂದು ಫೈಲಿಗೂ ಒಂದು ಅಕ್ಷರ, ಅದರ ಮುಂದೆ ಏಳು ಅಂಕಿ, ಅಷ್ಟೇ. ಕ್ಯಾಮೆರಾದಲ್ಲಿ ತೆಗೆದವುಗಳ ಒಳಗೇ ತಾರೀಖು ಇರುವುದರಿಂದ ಅವನ್ನು ಜೋಡಿಸಬಹುದಿತ್ತು. ವಾಟ್ಸ್ಆ್ಯಪ್‌ನಲ್ಲಿ ಬಂದ ಚಿತ್ರಗಳಿಂದ ಆ ಮಾಹಿತಿ ಮೊದಲೇ ಅಳಿಸಿಹೋಗಿರುತ್ತದೆ, ಅವು ಇವತ್ತಿಗೂ ಒಂದು ರಾಶಿಯಾಗಿ ಬಿದ್ದಿವೆ. ಬಾರದೇ ಹೋದದ್ದು ಒಂದು ಆಡಿಯೊ. 2011ರಲ್ಲಿ ಧಾರವಾಡದ ಮನೆಯ ಪಡಸಾಲೆಯಲ್ಲಿ ಅಜ್ಜಿ ಬೀಸುಕಲ್ಲಿನ ಹಾಡು ಹೇಳಿದ್ದು, 14 ನಿಮಿಷ, ನನ್ನ ಆಗಿನ ನೋಕಿಯಾ ಫೋನಿನಲ್ಲಿ ರೆಕಾರ್ಡ್ ಮಾಡಿದ್ದು. 2014ರಲ್ಲಿ ಅಜ್ಜಿ ತೀರಿಕೊಂಡಳು. ಆ 14 ನಿಮಿಷದಲ್ಲಿ 3 ನಿಮಿಷ ಮಾತ್ರ ಈಗ ಇದೆ, ಅದೂ ಹುಬ್ಬಳ್ಳಿಯಲ್ಲಿರುವ ಸೋದರತ್ತೆಯ ಮಗಳಿಗೆ ಯಾವಾಗಲೋ ಒಂದು ತುಣುಕು ಕತ್ತರಿಸಿ ಕಳಿಸಿದ್ದೆನಾದ್ದರಿಂದ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ಇದು ಇನ್ನೂ ವಿಚಿತ್ರ. ಬಾಗಿಲಿಗೆ ತೇಗವೋ ಹೊನ್ನೆಯೋ ಎಂದು ಆರು ತಿಂಗಳು ಯೋಚಿಸುತ್ತ ಕೂತವನ ಕಥೆ. ಆ ಆರು ತಿಂಗಳಲ್ಲಿ ಯಾವ ದಿನವಾದರೂ ಐದಾರು ಸಾವಿರದ ಇನ್ನೊಂದು ಯುಎಸ್‌ಬಿ ಡಿಸ್ಕ್ ತಂದು ರಾತ್ರಿ ಕಾಪಿಗೆ ಹಾಕಿ ಮಲಗಿದ್ದರೆ ಮುಗಿಯುತ್ತಿತ್ತು. ಹಾಗಾಗಿ ಇದನ್ನು ಓದುತ್ತಿರುವ ಹೊತ್ತಿಗೆ ನಿಮ್ಮ ಫೋಟೊಗಳೂ ಒಂದೇ ಕಡೆ ಇದ್ದರೆ, ಓದುವುದನ್ನು ಇಲ್ಲಿಗೇ ನಿಲ್ಲಿಸಿ ಒಂದು ಡಿಸ್ಕ್ ಆರ್ಡರ್ ಮಾಡಿ ಬನ್ನಿ. ಮುಂದಿನದು ಎಲ್ಲೂ ಹೋಗುವುದಿಲ್ಲ.

ಈಗ ಪಟ್ಟಿ. ಮನೆಯಲ್ಲಿರುವ ಫೈಲುಗಳನ್ನೆಲ್ಲ ಮೂರು ರಾಶಿ ಮಾಡಿ. ಮತ್ತೆ ಸಿಗದಿರುವವು ಒಂದು: ಫೋಟೊ, ಮನೆಯ ವಿಡಿಯೊ, ಹಿರಿಯರ ಧ್ವನಿ, ಸ್ಕ್ಯಾನ್ ಮಾಡಿದ ಕಾಗದಪತ್ರ. ಕಷ್ಟಪಟ್ಟರೆ ಸಿಗುವವು ಇನ್ನೊಂದು: ನೀವೇ ಕೂತು ಸಿಡಿಯಿಂದ ಇಳಿಸಿಕೊಂಡ ಹಾಡುಗಳು, ಈಗ ಅಂಗಡಿಯಲ್ಲಿ ಸಿಗದ ಹಳೆಯ ವಿಸಿಡಿಗಳು. ಮೂರನೆಯದು ಯಾವಾಗ ಬೇಕಾದರೂ ಸಿಗುವವು, ಎಂದರೆ ಸಿನಿಮಾ, ಸೀರಿಯಲ್ಲು. ನಮ್ಮ ಮನೆಯಲ್ಲಿ ಇದನ್ನು ಮಾಡಿ ನೋಡಿದಾಗ ಒಟ್ಟು 2.6 ಟಿಬಿಯಲ್ಲಿ ಮೊದಲ ರಾಶಿ 380 ಜಿಬಿ ಮಾತ್ರ ಇತ್ತು. ನಾಲ್ಕು ಡಿಸ್ಕಿನ ಪೆಟ್ಟಿಗೆ ಬೇಕು ಅಂತ ನನಗೆ ಅನ್ನಿಸಿದ್ದೆಲ್ಲ ಮೂರನೇ ರಾಶಿಯಿಂದ. ಹೋದರೂ ಅಳದಿರುವ ಸಾಮಾನಿಗೆ ದುಬಾರಿ ತಿಜೋರಿ ಹುಡುಕುತ್ತಿದ್ದೆ.

ಮೊದಲ ರಾಶಿ ಬೆಳೆಯುವ ವೇಗವನ್ನೂ ಲೆಕ್ಕ ಹಾಕಿ. ಐಫೋನಿನಲ್ಲಿ ಫೋರ್-ಕೆ ವಿಡಿಯೊ ಒಂದು ನಿಮಿಷಕ್ಕೆ ಸುಮಾರು 170 ಎಂಬಿ ತಿನ್ನುತ್ತದೆ, ಮಗುವಿನ ಸ್ಕೂಲ್ ಡೇ ಹತ್ತು ನಿಮಿಷ ಹಿಡಿದರೆ 1.7 ಜಿಬಿ. ಹಳೆಯ ಮಿನಿ-ಡಿವಿ ಟೇಪುಗಳಿದ್ದರೆ ಗಂಟೆಗೆ 13 ಜಿಬಿ. ಐದು ವರ್ಷದ್ದು ಸೇರಿಸಿದರೂ ಒಂದು ಸಾಧಾರಣ ಕುಟುಂಬಕ್ಕೆ 4 ಟಿಬಿ ಧಾರಾಳವಾಗುತ್ತದೆ. (4 ಟಿಬಿ ಕೊಂಡು ವಿಂಡೋಸ್‌ನಲ್ಲಿ 3.63 ಎಂದು ಕಂಡರೆ ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ. ಡಿಸ್ಕ್ ಮಾಡುವವರು ಸಾವಿರದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರಲ್ಲಿ ಎಣಿಸುತ್ತದೆ.)

ಇನ್ನು ಎಲ್ಲರೂ ಎಡವುವ ಜಾಗ, ರೇಡ್. ಎರಡು ಡಿಸ್ಕಿನ ಪೆಟ್ಟಿಗೆ ಕೊಳ್ಳುವವರಲ್ಲಿ ಹೆಚ್ಚಿನವರು ಒಂದು ಡಿಸ್ಕ್ ಇನ್ನೊಂದರ ಬ್ಯಾಕಪ್ ಎಂದು ತಿಳಿದಿರುತ್ತಾರೆ. ಅಲ್ಲ. ರೇಡ್ ಎಂಬುದು ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮೂವರು 1988ರಲ್ಲಿ ಬರೆದ ಪ್ರಬಂಧದಿಂದ ಹೆಸರಾದ ವಿದ್ಯೆ. ಅಗ್ಗದ ಡಿಸ್ಕುಗಳನ್ನು ಗುಂಪು ಕಟ್ಟಿ, ಒಂದು ಕೆಟ್ಟರೂ ಕೆಲಸ ನಿಲ್ಲದ ಹಾಗೆ ಮಾಡುವುದು ಅದರ ಕೆಲಸ. ರೇಡ್ 1 ಎಂದರೆ ಕನ್ನಡಿ. ಇಲ್ಲಿ ಬರೆದದ್ದು ಅದೇ ಕ್ಷಣ ಅಲ್ಲೂ ಬರೆಯುತ್ತದೆ, ಇಲ್ಲಿ ಅಳಿಸಿದ್ದು ಅದೇ ಕ್ಷಣ ಅಲ್ಲೂ ಅಳಿಯುತ್ತದೆ. ಮಗು ಒಂದು ಫೋಲ್ಡರ್ ಡಿಲೀಟ್ ಮಾಡಿದರೆ ಎರಡರಿಂದಲೂ ಹೋಯಿತು. ವೈರಸ್ ಬಂದು ಬೀಗ ಹಾಕಿದರೆ ಎರಡಕ್ಕೂ. ಸಿಡಿಲಿಗೆ ಅಡಾಪ್ಟರ್ ಸುಟ್ಟರೆ, ಕಳ್ಳ ಪೆಟ್ಟಿಗೆಯನ್ನೇ ಎತ್ತಿಕೊಂಡು ಹೋದರೆ, ಎರಡೂ. ಡಿಸ್ಕ್ ಕೆಟ್ಟಾಗ ಸೋಮವಾರ ಬೆಳಿಗ್ಗೆ ಪರದಾಡಬಾರದು ಎನ್ನುವುದಷ್ಟೇ ರೇಡ್‌ನ ಉಪಕಾರ. ಆಫೀಸಿಗೆ ಅದು ದೊಡ್ಡ ಉಪಕಾರ, ಮನೆಗೆ ಅನುಕೂಲ, ಅಷ್ಟೇ.

ಬ್ಯಾಕಪ್‌ಗೆ ಹಳೆಯ ಲೆಕ್ಕವೇ ಲೆಕ್ಕ. ಪೀಟರ್ ಕ್ರೋಗ್ ಎಂಬ ಫೋಟೊಗ್ರಾಫರ್ ಜನಪ್ರಿಯಗೊಳಿಸಿದ 3-2-1: ಮೂರು ಪ್ರತಿ, ಎರಡು ಬೇರೆ ಬೇರೆ ಸಾಧನದಲ್ಲಿ, ಒಂದು ಮನೆಯ ಹೊರಗೆ. ಇದನ್ನು ಒಪ್ಪಿದರೆ ಬಜೆಟ್ಟಿನ ಗಣಿತವೇ ಬದಲಾಗುತ್ತದೆ. ಕೈಯಲ್ಲಿರುವ ದುಡ್ಡು ಎರಡು ಡಿಸ್ಕಿನ ಪೆಟ್ಟಿಗೆಗೆ ಮಾತ್ರ ಸಾಲುತ್ತದೆ ಎಂದರೆ ನಾನು ಅದನ್ನು ಬೇಡ ಎನ್ನುತ್ತೇನೆ. ಒಂದೇ ಡಿಸ್ಕಿನ ಪೆಟ್ಟಿಗೆ ಕೊಂಡು, ಉಳಿದ ದುಡ್ಡಿನಲ್ಲಿ ಎರಡು ಯುಎಸ್‌ಬಿ ಡಿಸ್ಕ್ ಕೊಳ್ಳಿ. ಒಂದು ಪೆಟ್ಟಿಗೆಯ ಹಿಂದೆ ಸಿಕ್ಕಿಸಿರಲಿ, ಇನ್ನೊಂದು ಬೇರೆ ಊರಲ್ಲಿರಲಿ. ಇದು ನೋಡಲು ಬಡತನದ ವ್ಯವಸ್ಥೆ, ಆದರೆ ರೇಡ್ ಇದ್ದು ಬ್ಯಾಕಪ್ ಇಲ್ಲದವನಿಗಿಂತ ಇವನು ಸುಖವಾಗಿ ಮಲಗುತ್ತಾನೆ.

ಗೂಗಲ್ ಇದೆಯಲ್ಲ ಎನ್ನುವವರಿಗೆ: ಇರಲಿ, ಬಿಡಬೇಡಿ. 2021ರ ಜೂನ್ 1ರಿಂದ ಗೂಗಲ್ ಫೋಟೋಸ್‌ನ ಅನ್‌ಲಿಮಿಟೆಡ್ ಪುಕ್ಕಟೆ ಸೌಲಭ್ಯ ನಿಂತು 15 ಜಿಬಿಗೆ ಇಳಿದ ಮೇಲೆಯೇ ನಮ್ಮಲ್ಲಿ ಅನೇಕರು ನ್ಯಾಸ್ ಕಡೆ ತಿರುಗಿದ್ದು ನಿಜ. ಮೊದಲ ರಾಶಿ ಮಾತ್ರ ಅಲ್ಲಿ ಇಡುವುದಾದರೆ ಅದೂ 'ಮನೆಯ ಹೊರಗಿನ ಒಂದು ಪ್ರತಿ'ಯೇ. ಅದನ್ನೇ ಏಕೈಕ ಪ್ರತಿ ಮಾಡಿಕೊಂಡು ಫೋನಿನಿಂದ ಅಳಿಸುತ್ತ ಹೋಗುವುದು ನನಗೆ ಒಪ್ಪಿಗೆಯಿಲ್ಲ. ಒಂದು ಪಾಸ್‌ವರ್ಡ್ ಹೋದರೆ ಎಲ್ಲ ಹೋಯಿತು.

ಈಗ ಪೆಟ್ಟಿಗೆ. ಬ್ಯಾಕಪ್ ಮತ್ತು ಟಿವಿ, ಎರಡರ ಸ್ವಭಾವವೇ ಬೇರೆ. ಬ್ಯಾಕಪ್‌ಗೆ ಮಂದ ಪ್ರೊಸೆಸರ್ ಸಾಕು. ರಾತ್ರಿ ಎರಡು ಗಂಟೆಗೆ ಫೋಟೊ ಕಾಪಿಯಾಗಲು ಹತ್ತು ನಿಮಿಷ ಹಿಡಿದರೇನು, ಇಪ್ಪತ್ತು ಹಿಡಿದರೇನು. ದುಡ್ಡು ಕೇಳುವುದು ಟಿವಿ. ಅದೂ ಯಾವಾಗ? ಟ್ರಾನ್ಸ್‌ಕೋಡಿಂಗ್ ಬೇಕಾದಾಗ ಮಾತ್ರ. ನ್ಯಾಸ್‌ನಲ್ಲಿರುವ ಸಿನಿಮಾದ ಫಾರ್ಮ್ಯಾಟ್ ನಿಮ್ಮ ಟಿವಿಗೆ ಅರ್ಥವಾಗದಿದ್ದರೆ, ನ್ಯಾಸ್ ಆ ಕ್ಷಣದಲ್ಲೇ ಅದನ್ನು ಬೇರೆ ಫಾರ್ಮ್ಯಾಟಿಗೆ ಅನುವಾದಿಸುತ್ತ ಕಳಿಸಬೇಕು. ಸಭೆಯಲ್ಲಿ ದುಭಾಷಿ ಕೂತು ಮಾಡುವ ಕೆಲಸ ಅದು. ಪ್ರೊಸೆಸರ್ ಏದುಸಿರು ಬಿಡುವುದು ಅಲ್ಲೇ. ಟಿವಿಗೇ ಆ ಭಾಷೆ ಬಂದರೆ ದುಭಾಷಿ ಬೇಡ. ಫೈಲು ಇದ್ದ ಹಾಗೆ ಹೋಗುತ್ತದೆ, ಇದಕ್ಕೆ ಡೈರೆಕ್ಟ್ ಪ್ಲೇ ಎನ್ನುತ್ತಾರೆ, ಅತಿ ಅಗ್ಗದ ನ್ಯಾಸ್ ಕೂಡ ಇದನ್ನು ನಿಭಾಯಿಸುತ್ತದೆ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಭಾಷೆ ಕಲಿಯುವ ಕೆಲಸ ಟಿವಿ ಕಡೆಗೆ ಬಿಡಿ. ಈಗಿನ ಟಿವಿಗಳಿಗೆ ಎಚ್.264, ಎಚ್‌ಇವಿಸಿ ಎರಡೂ ಬರುತ್ತವೆ. ತೊಂದರೆ ಬರುವುದು ಸಣ್ಣಪುಟ್ಟ ಕಡೆ. ಚಿತ್ರ ಬರುತ್ತದೆ, ಧ್ವನಿ ಇಲ್ಲ ಎಂದರೆ ಆಡಿಯೊ ಡಿಟಿಎಸ್‌ನಲ್ಲಿದೆ ಎಂದುಕೊಳ್ಳಿ. ಸ್ಯಾಮ್‌ಸಂಗ್ 2018ರ ಮಾಡೆಲ್‌ಗಳಿಂದ ಡಿಟಿಎಸ್ ಕೈಬಿಟ್ಟಿದೆ. ಕೆಲವು ಬಗೆಯ ಸಬ್‌ಟೈಟಲ್ ಹಾಕಿದ ಕೂಡಲೇ ಸಿನಿಮಾ ತಡವರಿಸತೊಡಗಿದರೆ, ಅಕ್ಷರಗಳನ್ನು ಚಿತ್ರದೊಳಗೇ ಅಚ್ಚೊತ್ತಲು ನ್ಯಾಸ್ ಒದ್ದಾಡುತ್ತಿದೆ ಎಂದರ್ಥ. ಟಿವಿಗೆ ಐದಾರು ಸಾವಿರದ ಒಂದು ಒಳ್ಳೆಯ ಸ್ಟ್ರೀಮಿಂಗ್ ಬಾಕ್ಸ್ ಹಾಕಿ, ಅದರಲ್ಲಿ ಕೋಡಿಯೋ ಜೆಲ್ಲಿಫಿನ್ನೋ ಇನ್‌ಸ್ಟಾಲ್ ಮಾಡಿದರೆ ಇವುಗಳಲ್ಲಿ ಹೆಚ್ಚಿನವು ಪರಿಹಾರವಾಗುತ್ತವೆ. ನ್ಯಾಸ್‌ಗೆ ಹೆಚ್ಚುವರಿ ಹದಿನೈದು ಸಾವಿರ ಸುರಿಯುವುದಕ್ಕಿಂತ ಇದು ಅಗ್ಗ. ಪ್ಲೆಕ್ಸ್ ನೋಡಲು ಚೆಂದ, ಆದರೆ ಹಾರ್ಡ್‌ವೇರ್ ಟ್ರಾನ್ಸ್‌ಕೋಡಿಂಗ್‌ಗೆ ದುಡ್ಡು ಕೊಡಬೇಕು, 2025ರ ಏಪ್ರಿಲ್‌ನಿಂದ ಮನೆಯ ಹೊರಗಿನಿಂದ ನೋಡಲೂ ಕೊಡಬೇಕು. ಜೆಲ್ಲಿಫಿನ್ ಪೂರ್ತಿ ಉಚಿತ. ಸ್ವಲ್ಪ ತಲೆ ತಿನ್ನುತ್ತದೆ.

ಟಿವಿ ಬಗ್ಗೆ ಇನ್ನೊಂದು ತಮಾಷೆ. ಕೇಬಲ್ ಹಾಕಿದರೆ ವೇಗ ಹೆಚ್ಚು ಎಂದು ನಾವೆಲ್ಲ ನಂಬಿದ್ದೇವೆ. ಬಹಳಷ್ಟು ಟಿವಿಗಳ ಹಿಂದಿನ ಕೇಬಲ್ ಪೋರ್ಟ್ ಇವತ್ತಿಗೂ 100 ಎಂಬಿಪಿಎಸ್‌ನದ್ದೇ. ಒಟಿಟಿಯ ಫೋರ್-ಕೆಗೆ 15ರಿಂದ 25 ಎಂಬಿಪಿಎಸ್ ಸಾಕು, ಅಡ್ಡಿಯಿಲ್ಲ. ಆದರೆ ಫೋರ್-ಕೆ ಬ್ಲೂ-ರೇಯ ವೇಗ 128 ಎಂಬಿಪಿಎಸ್‌ವರೆಗೂ ಹೋಗಬಹುದು. ಅಂಥ ಫೈಲು ಕೇಬಲ್ಲಿನಲ್ಲಿ ಮುಗ್ಗರಿಸಿ ವೈ-ಫೈನಲ್ಲಿ ಸಲೀಸಾಗಿ ಓಡುವುದನ್ನು ಕಣ್ಣಾರೆ ನೋಡಿದ್ದೇನೆ. ನ್ಯಾಸ್‌ಗೆ ಮಾತ್ರ ಕೇಬಲ್ಲೇ ಇರಲಿ, ನೇರ ರೂಟರ್‌ಗೆ. ಗಿಗಾಬಿಟ್ ಪೋರ್ಟಿನಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿ ಹೋಗುತ್ತದೆ, ಮನೆಗೆ ಯಥೇಚ್ಛ. 2.5 ಗಿಗಾಬಿಟ್ ಪೋರ್ಟಿಗೆ ದುಡ್ಡು ಕೊಡುವ ಮುನ್ನ ನಿಮ್ಮ ರೂಟರಿನಲ್ಲಿ ಅದು ಇದೆಯೇ ಎಂದು ಬಗ್ಗಿ ನೋಡಿ. ನನ್ನ ಎಕ್ಸೆಲ್ ಶೀಟಿನಲ್ಲಿ ಆ ಕಾಲಂ ಇತ್ತು, ರೂಟರಿನಲ್ಲಿ ಪೋರ್ಟ್ ಇರಲಿಲ್ಲ.

ಚೆನ್ನೈನ ಓದುಗರ ಟಿಕ್ ಈಗ ಹಾಕಬಹುದು. ಗಂಡ, ಹೆಂಡತಿ, ಒಂದೆರಡು ಮಕ್ಕಳು, ಫೋನಿನ ಫೋಟೊ, ಒಂದು ಟಿವಿ ಎಂದಾದರೆ ಸಿನಾಲಜಿಯ ಡಿಎಸ್223ಜೆ ಅಥವಾ ಕ್ಯೂನ್ಯಾಪ್‌ನ ಟಿಎಸ್-233 ದರ್ಜೆಯ, ಆರ್ಮ್ ಪ್ರೊಸೆಸರಿನ ಎರಡು ಡಿಸ್ಕಿನ ಪೆಟ್ಟಿಗೆ ಸಾಕು. ನಾನು ಕೊನೆಗೆ ಕೊಂಡದ್ದೂ ಆ ದರ್ಜೆಯದೇ, ಶೀಟಿನಲ್ಲಿ ಹತ್ತನೇ ಸಾಲಿನಲ್ಲಿದ್ದದ್ದು. ಮನೆಯಲ್ಲಿ ಮೂರು ಟಿವಿ, ಒಂದಷ್ಟು ಸಿಸಿಟಿವಿ ಕ್ಯಾಮೆರಾ, ಜೊತೆಗೆ ಡಾಕರ್ ಗೀಕರ್ ಆಡುವ ಚಪಲ ಇದ್ದರೆ ಮಾತ್ರ ಇಂಟೆಲ್ ಪ್ರೊಸೆಸರಿನ ಡಿಎಸ್224 ಪ್ಲಸ್‌ನಂಥದ್ದು. ಹಳೆಯ ಪಿಸಿಗೆ ಟ್ರೂನ್ಯಾಸ್ ಹಾಕಿ ತಾವೇ ಕಟ್ಟುವವರೂ ಇದ್ದಾರೆ, ಬಲು ಚೆನ್ನಾಗಿ ಓಡುತ್ತದೆ. ನನಗೆ ಮಾತ್ರ ಹಗಲೆಲ್ಲ ಆಫೀಸಿನಲ್ಲಿ ಸರ್ವರ್ ಕಾದು ರಾತ್ರಿ ಮನೆಯಲ್ಲೂ ಅದನ್ನೇ ಕಾಯುವ ಉತ್ಸಾಹ ಉಳಿದಿಲ್ಲ. ನಾನು ಊರಲ್ಲಿಲ್ಲದಾಗ ಹೆಂಡತಿಗೆ ಅದನ್ನು ಬಂದ್ ಮಾಡಿ ಚಾಲೂ ಮಾಡಲು ಬರಬೇಕು, ಇದು ನನ್ನ ಪರೀಕ್ಷೆ.

ಕಂಪನಿ ಆರಿಸುವಾಗ ಒಂದು ಮಾತು ನೆನಪಿರಲಿ. ಕೊಂಡ ಮೇಲೂ ಈ ಪೆಟ್ಟಿಗೆಗಳ ಗುಣ ಬದಲಾಗುತ್ತದೆ. ಸಿನಾಲಜಿ 2024ರ ಒಂದು ಅಪ್‌ಡೇಟ್‌ನಲ್ಲಿ ತನ್ನ ವಿಡಿಯೊ ಸ್ಟೇಷನ್ ಆ್ಯಪ್ಪನ್ನೇ ತೆಗೆದುಹಾಕಿತು. 2025ರಲ್ಲಿ ಹೊಸ ಪ್ಲಸ್ ಮಾಡೆಲ್‌ಗಳಿಗೆ ತಾನು ಒಪ್ಪಿದ ಡಿಸ್ಕುಗಳೇ ಆಗಬೇಕು ಎಂದಿತು, ಬಳಕೆದಾರರು ಗಲಾಟೆ ಮಾಡಿದ ಮೇಲೆ ಅದೇ ವರ್ಷ ಅಕ್ಟೋಬರ್‌ನಲ್ಲಿ ಹಾರ್ಡ್ ಡಿಸ್ಕುಗಳ ಮಟ್ಟಿಗೆ ಹಿಂದೆ ಸರಿಯಿತು. ಪೆಟ್ಟಿಗೆಯ ಮೇಲೆ ಬರೆದ ಸೌಲಭ್ಯವನ್ನು ನೆಚ್ಚಿ ಐದು ವರ್ಷದ ಯೋಜನೆ ಹಾಕಬೇಡಿ.

ಡಿಸ್ಕ್ ಕೊಳ್ಳುವಾಗ ಹೆಚ್ಚು ಹುಷಾರಾಗಿರಬೇಕು, ಅಸಲಿಗೆ ನಿಮ್ಮದೆಲ್ಲ ಇರುವುದು ಅದರ ಮೇಲೆ. ಎರಡು ಬಗೆ ಇವೆ, ಸಿಎಂಆರ್ ಮತ್ತು ಎಸ್‌ಎಂಆರ್. ಎರಡನೆಯದರಲ್ಲಿ ದತ್ತಾಂಶದ ಸಾಲುಗಳು ಮನೆಯ ಹೆಂಚಿನಂತೆ ಒಂದರ ಮೇಲೊಂದು ಅರ್ಧ ಹೊದ್ದುಕೊಂಡಿರುತ್ತವೆ. ಒಂದು ಹೆಂಚು ಬದಲಿಸಲು ಪಕ್ಕದವನ್ನೂ ಎತ್ತಬೇಕು, ಆದ್ದರಿಂದ ಬರೆಯುವುದು ನಿಧಾನ, ರೇಡ್‌ನಲ್ಲಿ ಹಾಕಿದರೆ ಇನ್ನೂ ಕಿರಿಕಿರಿ. 2020ರಲ್ಲಿ ವೆಸ್ಟರ್ನ್ ಡಿಜಿಟಲ್ ತನ್ನ ನ್ಯಾಸ್‌ಗೆಂದೇ ಮಾರುವ ರೆಡ್ ಡಿಸ್ಕುಗಳಲ್ಲಿ ಇದನ್ನು ಹೇಳದೆ ಬಳಸಿದ್ದು ಬಯಲಾಗಿ ದೊಡ್ಡ ರಾದ್ಧಾಂತವಾಯಿತು. ಈಗ ರೆಡ್ ಪ್ಲಸ್ ಅಥವಾ ಸೀಗೇಟ್ ಐರನ್‌ವುಲ್ಫ್ ಎಂದು ಕೇಳಿದರೆ ಸಿಎಂಆರ್ ಸಿಗುತ್ತದೆ, ಎರಡಕ್ಕೂ ಮೂರು ವರ್ಷದ ವಾರಂಟಿ. ಲ್ಯಾಮಿಂಗ್ಟನ್ ರೋಡ್, ತಪಕೀರ್ ಗಲ್ಲಿ, ರಿಚಿ ಸ್ಟ್ರೀಟ್, ನೆಹರೂ ಪ್ಲೇಸ್, ಸಿಕಂದರಾಬಾದಿನ ಸಿಟಿಸಿ, ಎಲ್ಲಿ ಕೊಂಡರೂ ಕಟ್ಟು ಬಿಚ್ಚುವ ಮೊದಲು ಸೀರಿಯಲ್ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ಭಾರತದ ವಾರಂಟಿ ಇದೆಯೇ ನೋಡಿ. ಚೌಕಾಸಿ ಆಮೇಲೆ. ಎರಡು ಡಿಸ್ಕುಗಳನ್ನು ಸಾಧ್ಯವಾದರೆ ಬೇರೆ ಬೇರೆ ಅಂಗಡಿಯಲ್ಲಿ ಕೊಳ್ಳಿ. ಒಂದೇ ತಂಡದಲ್ಲಿ ತಯಾರಾದವು ಒಂದೇ ಸಮಯಕ್ಕೆ ಕೈಕೊಟ್ಟರೆ ಕನ್ನಡಿಗೆ ಏನರ್ಥ?

ಕರೆಂಟಿನ ಖರ್ಚಿಗೆ ಹೆದರಬೇಕಿಲ್ಲ. 15 ವ್ಯಾಟ್ ಎಂದು ಹಿಡಿದರೆ ತಿಂಗಳಿಗೆ 11 ಯೂನಿಟ್ ಆಸುಪಾಸು. ಕರೆಂಟ್ ಹೋಗುವುದಕ್ಕೆ ಹೆದರಬೇಕು. ಪುಣೆಯವರಿಗೆ ಗುರುವಾರದ ಪವರ್‌ಕಟ್ ಗೊತ್ತೇ ಇದೆ. ಬರೆಯುವ ಮಧ್ಯದಲ್ಲಿ ಫಕ್ಕನೆ ಹೋದರೆ ಡಿಸ್ಕಿಗೆ ಒಳ್ಳೆಯದಲ್ಲ. 600 ವಿಎ ಯುಪಿಎಸ್ ಸಾಕು, ಯುಎಸ್‌ಬಿ ತಂತಿ ಇರುವುದನ್ನೇ ಕೇಳಿ ಕೊಳ್ಳಿ. ಬ್ಯಾಟರಿ ಮುಗಿಯುತ್ತ ಬಂದಾಗ ನ್ಯಾಸ್ ತಾನೇ ನೆಟ್ಟಗೆ ಮಲಗುತ್ತದೆ.

ಇನ್ನು ಊರಿಂದ, ಆಫೀಸಿಂದ ಮನೆಯ ನ್ಯಾಸ್ ನೋಡುವ ಆಸೆ. ಇಲ್ಲಿ ಮಾತ್ರ ನಾನು ಅಜ್ಜನಂತೆ ಗದರಿಸುತ್ತೇನೆ: ರೂಟರಿನಲ್ಲಿ ಪೋರ್ಟ್ ತೆರೆದು ನ್ಯಾಸ್ ಅನ್ನು ನೇರ ಇಂಟರ್ನೆಟ್ಟಿಗೆ ನಿಲ್ಲಿಸಬೇಡಿ. 2021ರ ಜೂನ್‌ನಲ್ಲಿ ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಲೈವ್ ಇಟ್ಟುಕೊಂಡಿದ್ದ ಬಹಳ ಜನ ಬೆಳಿಗ್ಗೆ ಎದ್ದು ನೋಡಿದರೆ ಡಿಸ್ಕ್ ಖಾಲಿ. ಯಾರೋ ದೂರದಿಂದ ಫ್ಯಾಕ್ಟರಿ ರೀಸೆಟ್ ಮಾಡಿದ್ದರು. ಆ ಸಾಧನಕ್ಕೆ ಕೊನೆಯ ಅಪ್‌ಡೇಟ್ ಬಂದದ್ದು 2015ರಲ್ಲಿ. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ರ‍್ಯಾನ್ಸಮ್‌ವೇರ್ ಇಂಟರ್ನೆಟ್ಟಿಗೆ ತೆರೆದಿದ್ದ ಕ್ಯೂನ್ಯಾಪ್ ಪೆಟ್ಟಿಗೆಗಳಿಗೆ ಬೀಗ ಜಡಿದು ಬಿಟ್‌ಕಾಯಿನ್ ಕೇಳಿತು. ಹೇಗೂ ನಮ್ಮಲ್ಲಿ ಎಷ್ಟೋ ಕನೆಕ್ಷನ್‌ಗಳು ಒಂದೇ ವಿಳಾಸವನ್ನು ನೂರಾರು ಮನೆಗೆ ಹಂಚುವ ಸಿಜಿ-ನ್ಯಾಟ್ ಹಿಂದೆ ಇರುವುದರಿಂದ ಪೋರ್ಟ್ ತೆರೆದರೂ ಒಳಗೆ ಬರಲಾಗುವುದಿಲ್ಲ. ಟೇಲ್‌ಸ್ಕೇಲ್ ಹಾಕಿಕೊಳ್ಳಿ, ಮನೆ ಬಳಕೆಗೆ ಉಚಿತ, ನಿಮ್ಮ ಫೋನಿಗೂ ನ್ಯಾಸ್‌ಗೂ ನಡುವೆ ಖಾಸಗಿ ಕಾಲುದಾರಿ ಮಾಡಿಕೊಡುತ್ತದೆ.

ಕೊನೆಗೆ ಮನೆಯ ಹೊರಗಿನ ಆ ಒಂದು ಪ್ರತಿ. ನಮ್ಮಂಥ ವಲಸಿಗರಿಗೆ ಇಲ್ಲೊಂದು ಅನುಕೂಲವಿದೆ, ನಮಗೆಲ್ಲ ಇನ್ನೊಂದು ಊರಿದೆ. ಅಪ್ಪ-ಅಮ್ಮನ ಮನೆಯಲ್ಲಿ ಇನ್ನೊಂದು ಚಿಕ್ಕ ನ್ಯಾಸ್ ಇಟ್ಟು ಇಂಟರ್ನೆಟ್ ಮೂಲಕ ಕಳಿಸಬಹುದು. ನನ್ನ 380 ಜಿಬಿಗೆ 30 ಎಂಬಿಪಿಎಸ್ ಲೈನಿನಲ್ಲಿ ಒಂದು ದಿನ, ಮೇಲೆ ನಾಲ್ಕು ಗಂಟೆ, ಅದೂ ನಡುವೆ ಲೈನ್ ಹೋಗದಿದ್ದರೆ. ನಾನು ಇದನ್ನು ಮಾಡಲಿಲ್ಲ. ಧಾರವಾಡದ ಮನೆಯಲ್ಲಿ ಇನ್ನೊಂದು ಮಿಣಮಿಣ ಪೆಟ್ಟಿಗೆ ಇಟ್ಟರೆ ಅದು ನಿಂತಾಗಲೆಲ್ಲ ಅಪ್ಪ ಫೋನ್ ಮಾಡುತ್ತಾರೆ, ಅದನ್ನು ನಾನು ಇಲ್ಲಿ ಕೂತು ರಿಪೇರಿ ಮಾಡಬೇಕು. ಎರಡು ಯುಎಸ್‌ಬಿ ಡಿಸ್ಕ್ ಇಟ್ಟುಕೊಂಡಿದ್ದೇನೆ. ಒಂದು ಪುಣೆಯಲ್ಲಿ ನ್ಯಾಸ್ ಹಿಂದೆ, ಒಂದು ಧಾರವಾಡದಲ್ಲಿ. ಯುಗಾದಿಗೋ ದೀಪಾವಳಿಗೋ ಊರಿಗೆ ಹೋದಾಗ ಬ್ಯಾಗಿನಲ್ಲಿ ಒಯ್ದು ಅದಲುಬದಲು.

ಧಾರವಾಡದ್ದನ್ನು ಯಾವ ಬ್ಯಾಕಪ್ ಸಾಫ್ಟ್‌ವೇರಿನ ಗಂಟಿನಲ್ಲೂ ಕಟ್ಟಿಲ್ಲ. ಬರೀ ಫೋಲ್ಡರುಗಳು, ವರ್ಷದ ಹೆಸರು, ಒಳಗೆ ಫೋಟೊ. ಯಾವ ಲ್ಯಾಪ್‌ಟಾಪಿಗೆ ಸಿಕ್ಕಿಸಿದರೂ ತೆರೆಯಬೇಕು, ನಾನಿಲ್ಲದಿದ್ದರೂ ತೆರೆಯಬೇಕು. ಬ್ಯಾಂಕು, ಆಸ್ತಿಯ ಕಾಗದಗಳಿಗೆ ಮಾತ್ರ ಪಾಸ್‌ವರ್ಡ್. ಅದನ್ನೂ ನ್ಯಾಸ್‌ನ ಪಾಸ್‌ವರ್ಡನ್ನೂ ಒಂದು ಹಾಳೆಯಲ್ಲಿ ಕೈಯಿಂದ ಬರೆದು ಲಕೋಟೆಯಲ್ಲಿ ಹಾಕಿ ತಂಗಿಯ ಕೈಗೆ ಕೊಟ್ಟಿದ್ದೇನೆ. ಅದಲುಬದಲು ಮಾಡುವಾಗ ಊರಲ್ಲಿದ್ದ ಡಿಸ್ಕಿನಿಂದ ಕಣ್ಣು ಮುಚ್ಚಿ ಹತ್ತು ಫೈಲು ಆರಿಸಿ ತೆರೆದು ನೋಡುತ್ತೇನೆ. ಒಮ್ಮೆ ಹಾಗೆ ನೋಡುವಾಗಲೇ ಹೆಂಡತಿಯ ಫೋನಿನ ಫೋಟೊಗಳು ನಾಲ್ಕು ತಿಂಗಳಿಂದ ಬಂದೇ ಇಲ್ಲವೆಂದು ತಿಳಿದದ್ದು. ಐಫೋನಿನಲ್ಲಿ ನ್ಯಾಸ್‌ನ ಆ್ಯಪ್ಪನ್ನು ಆಗಾಗ ತೆರೆಯದಿದ್ದರೆ ಅಪ್‌ಲೋಡು ಹಿನ್ನೆಲೆಯಲ್ಲಿ ನಿಂತುಬಿಡುತ್ತದೆ. ಈಗ ಭಾನುವಾರ ರಾತ್ರಿ ಊಟವಾದ ಮೇಲೆ ಇಬ್ಬರೂ ಫೋನ್ ಚಾರ್ಜಿಗಿಟ್ಟು ಆ್ಯಪ್ ತೆರೆದಿಡುವುದು ಮನೆಯ ಪದ್ಧತಿಯಾಗಿದೆ.

ಮೊದಲ ಸಲ ಡಿಸ್ಕ್ ಕೊಟ್ಟಾಗ ಅವ್ವ ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿ, "ಇದರಾಗ ಏನೈತಿ?" ಎಂದಳು. ಎಲ್ಲರ ಫೋಟೊ, ಅಜ್ಜಿಯ ಹಾಡಿನಲ್ಲಿ ಉಳಿದದ್ದು ಎಂದೆ. ಟ್ರೆಜರಿಯಲ್ಲಿ ಬೆಳ್ಳಿ ಸಾಮಾನಿನ ಪಕ್ಕ ಇಟ್ಟಳು. ಹೋದ ದೀಪಾವಳಿಗೆ ಹೊಸ ಪ್ರತಿ ಒಯ್ದು ಹಳೆಯದನ್ನು ಕೇಳಿದರೆ ಟ್ರೆಜರಿಯಲ್ಲಿ ಇಲ್ಲ. ಓಣಿಯಲ್ಲಿ ಯಾರದೋ ಮನೆಯಲ್ಲಿ ಕಳವಾಯಿತೆಂದು ಬಂಗಾರದ ಜೊತೆ ಅದನ್ನೂ ಒಯ್ದು ಬ್ಯಾಂಕ್ ಲಾಕರಿನಲ್ಲಿ ಇಟ್ಟು ಬಂದಿದ್ದಳು. ಹಬ್ಬದ ರಜೆ, ಬ್ಯಾಂಕು ಬಂದ್. ಒಯ್ದದ್ದನ್ನು ಅಲ್ಲೇ ಬಿಟ್ಟು, ಪುಣೆಗೆ ಬಂದು ಇನ್ನೊಂದು ಡಿಸ್ಕ್ ಕೊಂಡೆ. ಹೀಗಾಗಿ ಸದ್ಯಕ್ಕೆ ನಮ್ಮಲ್ಲಿ ಮೂರಲ್ಲ, ನಾಲ್ಕು ಪ್ರತಿ ಇವೆ.